ಉಬುಂಟು ಬದಲಿಸಿದ ಮೇಲೆ ಹಳೇ ಸಿ ಕೋಡ್‌ನಲ್ಲಿ 'ಮಲ್ಟಿಪಲ್ ಡೆಫಿನಿಷನ್': ಗಾರ್ಡ್ ಇದ್ದರೂ ಹೋಗುತ್ತಿಲ್ಲ

ತೂಕದಯಂತ್ರ:
ಎಲ್ಲರಿಗೂ ನಮಸ್ಕಾರ. ಹಾಲಿನ ಡೇರಿಗಳಿಗೆ ತೂಕದ ಯಂತ್ರ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಯಂತ್ರದಿಂದ ಸೀರಿಯಲ್ ಪೋರ್ಟ್ ಮೂಲಕ ತೂಕ ಓದಿ, ಫೈಲಿಗೆ ಬರೆದು, ರೈತರಿಗೆ ಸ್ಲಿಪ್ ಪ್ರಿಂಟ್ ಮಾಡುವ ಸಿ ಪ್ರೋಗ್ರಾಂ ಒಂದಿದೆ. ನಾನು ಸೇರುವ ಮುಂಚೆಯೇ ಯಾರೋ ಬರೆದಿಟ್ಟು ಹೋದದ್ದು. ಉಬುಂಟು 20.04ರಲ್ಲಿ ಯಾವ ತಕರಾರೂ ಇಲ್ಲದೆ ಬಿಲ್ಡ್ ಆಗುತ್ತಿತ್ತು. ಈಗ ಕಂಪ್ಯೂಟರ್ ಬದಲಾಯಿಸಿ 22.04 ಹಾಕಿದ್ದೇವೆ. ಕೋಡ್‌ನಲ್ಲಿ ಒಂದಕ್ಷರ ಮುಟ್ಟಿಲ್ಲ. ಆದರೂ ಮೇಕ್ ಕೊಟ್ಟರೆ ಹೀಗೆ ಬರುತ್ತದೆ (ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿದ್ದೇನೆ, ಅಡ್ಜಸ್ಟ್ ಮಾಡಿಕೊಳ್ಳಿ):

ಸೀರಿಯಲ್.ಓ: ಮಲ್ಟಿಪಲ್ ಡೆಫಿನಿಷನ್ ಆಫ್ 'ಟೋಟಲ್', ಮೇನ್.ಓ: ಫಸ್ಟ್ ಡಿಫೈನ್ಡ್ ಹಿಯರ್
ಸೀರಿಯಲ್.ಓ: ಮಲ್ಟಿಪಲ್ ಡೆಫಿನಿಷನ್ ಆಫ್ 'ಪೋರ್ಟ್', ಮೇನ್.ಓ: ಫಸ್ಟ್ ಡಿಫೈನ್ಡ್ ಹಿಯರ್
ಸೀರಿಯಲ್.ಓ: ಮಲ್ಟಿಪಲ್ ಡೆಫಿನಿಷನ್ ಆಫ್ 'ಬಫರ್', ಮೇನ್.ಓ: ಫಸ್ಟ್ ಡಿಫೈನ್ಡ್ ಹಿಯರ್
(ಫೈಲ್.ಓಗೂ ಇದೇ ಮೂರು ಸಾಲು)
ಪ್ರಿಂಟ್.ಓ: ಮಲ್ಟಿಪಲ್ ಡೆಫಿನಿಷನ್ ಆಫ್ 'ಟೋಟಲ್', ಮೇನ್.ಓ: ಫಸ್ಟ್ ಡಿಫೈನ್ಡ್ ಹಿಯರ್
ಕಲೆಕ್ಟ್2: ಎರರ್: ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್

ಈ ವೇರಿಯಬಲ್‌ಗಳಿರುವ ಹೆಡರ್ ಫೈಲ್ ಗ್ಲೋಬಲ್ಸ್.ಎಚ್. ಅದರ ಒಳಗೆ ಇರುವುದು ಇಷ್ಟೇ:

#ಇಫ್‌ಎನ್‌ಡೆಫ್ ಗ್ಲೋಬಲ್ಸ್_ಎಚ್
#ಡಿಫೈನ್ ಗ್ಲೋಬಲ್ಸ್_ಎಚ್
ಇಂಟ್ ಟೋಟಲ್;
ಇಂಟ್ ಪೋರ್ಟ್;
ಚಾರ್ ಬಫರ್[64];
#ಎಂಡಿಫ್

ಗಾರ್ಡ್ (ಆ ಇಫ್‌ಎನ್‌ಡೆಫ್ ಸಾಲುಗಳು) ಇದೆಯಲ್ಲ? ಎರಡನೇ ಸಲ ಒಳಗೆ ಬರಬಾರದು ಅಂತಲೇ ಅಲ್ವಾ ಅದನ್ನು ಹಾಕುವುದು? ಮತ್ತೆ ಯಾಕೆ ಹೀಗೆ?

ಕುಡ್ಲದಕೋಡರ್:
ಗಾರ್ಡ್ ತೆಗೆದು ಪ್ರಾಗ್ಮಾ ಒನ್ಸ್ ಹಾಕಿ ನೋಡಿ ಮಾರಾಯ್ರೆ.

ಹಳೇಮೇಕ್‌ಫೈಲ್:
ಪ್ರಾಗ್ಮಾ ಒನ್ಸ್ ಹಾಕಿದರೆ ಏನೂ ಬದಲಾಗುವುದಿಲ್ಲ. ಎರಡೂ ಮಾಡುವುದು ಒಂದೇ ಕೆಲಸ.

ಮೊದಲು ಎರರ್ ಯಾರು ಕೊಡುತ್ತಿದ್ದಾರೆ ನೋಡಿ. ಕೊನೇ ಸಾಲಿನಲ್ಲಿ 'ಎಲ್‌ಡಿ' ಇದೆ. ಅಂದರೆ ಲಿಂಕರ್, ಕಂಪೈಲ್ ಆದ .ಓ ಫೈಲ್‌ಗಳನ್ನೆಲ್ಲ ಸೇರಿಸಿ ಒಂದು ಪ್ರೋಗ್ರಾಂ ಮಾಡುವುದು. ಕಂಪೈಲರ್ ತನ್ನ ಪಾಡಿಗೆ ನಾಲ್ಕೂ ಫೈಲನ್ನು ಕಂಪೈಲ್ ಮಾಡಿ ಮುಗಿಸಿದೆ. ಅದು ಒಂದು ಸಲಕ್ಕೆ ಒಂದೇ .ಸಿ ಫೈಲ್ ನೋಡುತ್ತದೆ. ಮೇನ್.ಸಿ ಓದುವಾಗ ಗ್ಲೋಬಲ್ಸ್.ಎಚ್ ಒಳಗೆ ಬಂತು, ಗಾರ್ಡ್ ಮ್ಯಾಕ್ರೋ ಸೆಟ್ ಆಯಿತು. ಮೇನ್.ಸಿ ಮುಗಿಯಿತು, ಮ್ಯಾಕ್ರೋನೂ ಹೋಯಿತು. ಸೀರಿಯಲ್.ಸಿ ಶುರುವಾದಾಗ ಎಲ್ಲ ಮತ್ತೆ ಹೊಸದು. ಮದುವೆ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಎರಡು ಎಲೆಗೆ ಕೂರಬೇಡ ಅನ್ನಬಹುದು. ಅದೇ ಮನುಷ್ಯ ಪಕ್ಕದ ಛತ್ರಕ್ಕೆ ಹೋಗಿ ಕೂತರೆ ಇಲ್ಲಿ ಬಡಿಸುವವನಿಗೆ ಹೇಗೆ ಗೊತ್ತಾಗಬೇಕು?

ಗಾರ್ಡ್ ತಡೆಯುವುದು 'ರೀಡೆಫಿನಿಷನ್ ಆಫ್ ಸ್ಟ್ರಕ್ಟ್' ಥರದ ಎರರ್‌ಗಳನ್ನು. ಒಂದೇ .ಸಿ ಒಳಗೆ ಒಂದು ಹೆಡರ್ ಎರಡು ದಾರಿಯಲ್ಲಿ ಬಂದಾಗ ಆಗುವಂಥದ್ದು. ಅದನ್ನು ಕೊಡುವುದು ಕಂಪೈಲರ್, ಸಾಲಿನ ನಂಬರ್ ಸಮೇತ. ನಿಮ್ಮದು ಬೇರೆ ಕಾಯಿಲೆ.

ಇನ್ನು "ನಿನ್ನೆವರೆಗೆ ಹೇಗೆ ನಡೆಯಿತು" ಅನ್ನುವುದು. ಉಬುಂಟು 20.04ರಲ್ಲಿ ಇರುವ ಕಂಪೈಲರ್ ಜಿಸಿಸಿ 9. 22.04ರಲ್ಲಿ ಜಿಸಿಸಿ 11. ನಡುವೆ 2020ರ ಮೇ ತಿಂಗಳಲ್ಲಿ ಬಂದ ಜಿಸಿಸಿ 10 ಒಂದು ಡೀಫಾಲ್ಟ್ ಬದಲಾಯಿಸಿತು. ಮುಂಚೆ -ಎಫ್‌ಕಾಮನ್, ಆಮೇಲೆ -ಎಫ್‌ನೋ-ಕಾಮನ್. ಅದೇ ವರ್ಷ ಇನ್ನೊಂದು ಕಂಪೈಲರ್ ಕ್ಲ್ಯಾಂಗ್ 11 ಕೂಡ ಹಾಗೇ ಮಾಡಿತು.

ಬೆಲೆ ಕೊಡದೆ ಬರೀ 'ಇಂಟ್ ಟೋಟಲ್;' ಅಂತ ಫಂಕ್ಷನ್ ಹೊರಗೆ ಬರೆದರೆ ಅದು ಅರ್ಧಂಬರ್ಧ ಡೆಫಿನಿಷನ್. ಟೆಂಟೇಟಿವ್ ಅನ್ನುತ್ತಾರೆ. ಹಳೇ ಜಿಸಿಸಿ ಇದನ್ನು 'ಕಾಮನ್' ಅಂತ ಗುರುತು ಹಾಕಿ ಲಿಂಕರ್‌ಗೆ ಕೊಡುತ್ತಿತ್ತು. ಲಿಂಕರ್ ಒಂದೇ ಹೆಸರಿನ ಕಾಮನ್‌ಗಳನ್ನೆಲ್ಲ ಒಂದೇ ಜಾಗಕ್ಕೆ ಸೇರಿಸಿಬಿಡುತ್ತಿತ್ತು. ಈಗ ಹಾಗಿಲ್ಲ. ಪ್ರತಿ .ಓ ಫೈಲಿನಲ್ಲೂ ಪೂರ್ತಿ ಡೆಫಿನಿಷನ್. ನಾಲ್ಕು ಫೈಲ್, ನಾಲ್ಕು ಟೋಟಲ್.

ಮಾಡಬೇಕಾದ್ದು: ಹೆಡರ್‌ನಲ್ಲಿ ಮೂರಕ್ಕೂ ಮುಂದೆ 'ಎಕ್ಸ್‌ಟರ್ನ್' ಹಾಕಿ. ನಿಜವಾದ ಡೆಫಿನಿಷನ್ ಯಾವುದಾದರೂ ಒಂದೇ ಒಂದು .ಸಿ ಫೈಲಿನಲ್ಲಿ ಇರಲಿ.

ಧಾರವಾಡಪೇಡೆ:
ಅಲ್ರೀ, ಇಷ್ಟಕ್ಕೆ ಕೋಡ್ ಯಾಕೆ ಮುಟ್ಟಬೇಕು? ಮೇಕ್‌ಫೈಲ್‌ನಲ್ಲಿ ಸಿಫ್ಲ್ಯಾಗ್ಸ್‌ಗೆ -ಎಫ್‌ಕಾಮನ್ ಸೇರಿಸಿ. ಮೇಕ್ ಕ್ಲೀನ್, ಮೇಕ್. ಮುಗಿಯಿತು. ನಮ್ಮಲ್ಲಿ ಹತ್ತಾರು ಹಳೇ ಪ್ರಾಜೆಕ್ಟ್ ಹೀಗೇ ಓಡುತ್ತಿವೆ.

ಹಳೇಮೇಕ್‌ಫೈಲ್:
ಓಡುತ್ತವೆ, ಇಲ್ಲ ಅನ್ನುವುದಿಲ್ಲ. ಎರರ್ ಹೋಯಿತು ಅಷ್ಟೇ, ಕಾರಣ ಅಲ್ಲೇ ಕೂತಿರುತ್ತದೆ.

ಧಾರವಾಡಪೇಡೆ:
ಇಷ್ಟು ವರ್ಷ ಕೂತಿತ್ತಲ್ಲ, ಇನ್ನಷ್ಟು ವರ್ಷ ಕೂರಲಿ ಬಿಡ್ರಿ. ಯೂನಿಕ್ಸ್ ಕಂಪೈಲರ್‌ಗಳು ಮೊದಲಿನಿಂದಲೂ ಹೀಗೇ ಮಾಡುತ್ತಿದ್ದವು. ಸಿ ಸ್ಟ್ಯಾಂಡರ್ಡ್ ಕೂಡ ಇದನ್ನು 'ಸಾಮಾನ್ಯವಾಗಿ ಕಾಣುವ ಎಕ್ಸ್‌ಟೆನ್ಷನ್' ಅಂತ ಅನುಬಂಧದಲ್ಲಿ ಬರೆದುಕೊಂಡಿದೆ. ನಡುವೆ ಜಿಸಿಸಿಯವರಿಗೆ ಶಿಸ್ತು ನೆನಪಾಯಿತು.

ಸಿಪ್ಲಸ್‌ಪ್ಲಸ್ಸಿಗ:
ಆ 'ಕಾಮನ್' ಎಲ್ಲಿಂದ ಬಂತು ಗೊತ್ತಾ? ಫೋರ್ಟ್ರಾನ್‌ನಿಂದ. ಅಲ್ಲಿ ಕಾಮನ್ ಬ್ಲಾಕ್ ಅಂತ ಇರುತ್ತದೆ. ಬೇರೆ ಬೇರೆ ಸಬ್‌ರೂಟೀನ್‌ಗಳು ಒಂದೇ ಮೆಮೊರಿ ತುಂಡನ್ನು ಹಂಚಿಕೊಳ್ಳಲು. ಲಿಂಕರ್‌ಗಳಲ್ಲಿ ಆ ಸೌಲಭ್ಯ ಮೊದಲೇ ಇತ್ತು, ಸಿ ಅದನ್ನೇ ಬಳಸಿಕೊಂಡಿತು. ಸಿ++ನಲ್ಲಿ ಈ ರಗಳೆಯೇ ಇಲ್ಲ. ಅಲ್ಲಿ 'ಇಂಟ್ ಟೋಟಲ್;' ಅಂದರೆ ಪೂರ್ತಿ ಡೆಫಿನಿಷನ್, ಎರಡು ಕಡೆ ಇದ್ದರೆ ಎರರ್.

ಕುಡ್ಲದಕೋಡರ್:
ಬಂತು ನೋಡಿ ಸಿ++ ಪ್ರಚಾರ.

ಐದನೇಸೆಮ್:
ಸರ್ ನನಗೂ ಇದೇ ಎರರ್ ಬರುತ್ತಿದೆ. ಆದರೆ 'ಮಲ್ಟಿಪಲ್ ಡೆಫಿನಿಷನ್ ಆಫ್ ಮೇನ್' ಅಂತ. ಎಕ್ಸ್‌ಟರ್ನ್ ಇಂಟ್ ಮೇನ್ ಅಂತ ಹಾಕಬೇಕಾ? ನಾಳೆ ಲ್ಯಾಬ್ ಇದೆ.

ಸೆಮಿಕೋಲನ್‌ಅಕ್ಕ:
ಅಯ್ಯೋ ಬೇಡ ಕಣಪ್ಪಾ. ಕೋಡ್‌ಬ್ಲಾಕ್ಸ್ ಬಳಸುತ್ತಿದ್ದೀಯಾ? ಲ್ಯಾಬ್ ಪ್ರೋಗ್ರಾಂಗಳನ್ನೆಲ್ಲ ಒಂದೇ ಪ್ರಾಜೆಕ್ಟಿಗೆ ಸೇರಿಸಿದ್ದೀಯಾ?

ಐದನೇಸೆಮ್:
ಹೌದು ಅಕ್ಕ. ಸ್ಟ್ಯಾಕ್, ಕ್ಯೂ, ಲಿಂಕ್ಡ್ ಲಿಸ್ಟ್ ಎಲ್ಲ ಒಂದರಲ್ಲೇ. ನೀಟಾಗಿರಲಿ ಅಂತ.

ಸೆಮಿಕೋಲನ್‌ಅಕ್ಕ:
ಒಂದು ಪ್ರಾಜೆಕ್ಟ್ ಅಂದರೆ ಒಂದು ಪ್ರೋಗ್ರಾಂ. ಅದರೊಳಗಿನ ಎಲ್ಲ .ಸಿ ಫೈಲ್ ಸೇರಿ ಒಂದೇ ಎಕ್ಸಿಕ್ಯೂಟಬಲ್ ಆಗುತ್ತದೆ. ಪ್ರತಿ ಫೈಲಿನಲ್ಲೂ ಮೇನ್ ಇದ್ದರೆ ಲಿಂಕರ್ ಯಾವುದನ್ನು ಹಿಡಿಯಬೇಕು? ಪ್ರತಿ ಲ್ಯಾಬ್ ಪ್ರೋಗ್ರಾಂಗೆ ಬೇರೆ ಪ್ರಾಜೆಕ್ಟ್ ಮಾಡು. ಇಲ್ಲವಾದರೆ ಪ್ರಾಜೆಕ್ಟೇ ಬೇಡ, ಫೈಲ್ ಒಂದನ್ನೇ ತೆರೆದು ಬಿಲ್ಡ್ ಕೊಡು. ಟರ್ಮಿನಲ್‌ನಲ್ಲಾದರೆ 'ಜಿಸಿಸಿ ಸ್ಟ್ಯಾಕ್.ಸಿ' ಅಂತ ಒಂದೇ ಫೈಲ್ ಹೆಸರು ಕೊಡು. 'ಜಿಸಿಸಿ *.ಸಿ' ಕೊಟ್ಟರೆ ಮತ್ತದೇ ಗೋಳು.

ಹಳೇಮೇಕ್‌ಫೈಲ್:
ಇದೇ ಸಾಲಿಗೆ ಸೇರಿಸುತ್ತೇನೆ. ಮೇಕ್‌ಫೈಲ್‌ನಲ್ಲಿ ವೈಲ್ಡ್‌ಕಾರ್ಡ್ ಹಾಕಿ *.ಸಿ ಎಲ್ಲವನ್ನೂ ಎಳೆದುಕೊಳ್ಳುವವರು ಹುಷಾರು. ಯಾರೋ ಬ್ಯಾಕಪ್ ಅಂತ 'ಮೇನ್_ಹಳೇದು.ಸಿ' ಇಟ್ಟರೆ ಅದೂ ಬಿಲ್ಡಿಗೆ ಬರುತ್ತದೆ. ಫೈಲಿನಲ್ಲಿರುವ ಪ್ರತಿ ಫಂಕ್ಷನ್ನಿಗೂ ಎರರ್. ಒಂದೇ .ಓ ಹೆಸರು ಲಿಂಕ್ ಸಾಲಿನಲ್ಲಿ ಎರಡು ಸಲ ಬಂದರೂ ಹಾಗೇ. ಒಂದೆರಡು ಹೆಸರಿಗೆ ಎರರ್ ಬಂದರೆ ಕೋಡ್ ನೋಡಿ. ಫೈಲಿನ ಎಲ್ಲ ಹೆಸರಿಗೂ ಬಂದರೆ ಮೇಕ್‌ಫೈಲ್ ನೋಡಿ.

ಕುಡ್ಲದಕೋಡರ್:
#ಇನ್‌ಕ್ಲೂಡ್ "ಕ್ಯೂ.ಸಿ" ಅಂತ ಬರೆಯುವವರನ್ನು ಬಿಟ್ಟಿರಲ್ಲ. .ಸಿ ಫೈಲನ್ನೇ ಇನ್‌ಕ್ಲೂಡ್ ಮಾಡುವುದು, ಮತ್ತೆ ಅದನ್ನೇ ಪ್ರಾಜೆಕ್ಟಿಗೂ ಸೇರಿಸುವುದು. ನಮ್ಮ ಕಾಲೇಜಲ್ಲಿ ಅರ್ಧ ಕ್ಲಾಸ್ ಹೀಗೇ ಮಾಡುತ್ತಿತ್ತು.

ತೂಕದಯಂತ್ರ:
ಹಳೇಮೇಕ್‌ಫೈಲ್ ಸರ್ ಹೇಳಿದಂತೆ ಹೆಡರ್‌ನಲ್ಲಿ ಎಕ್ಸ್‌ಟರ್ನ್ ಹಾಕಿದೆ. ಮಲ್ಟಿಪಲ್ ಡೆಫಿನಿಷನ್ ಎಲ್ಲ ಹೋಯಿತು. ಈಗ 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಪೋರ್ಟ್', 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಬಫರ್' ಅಂತ ಬರುತ್ತಿದೆ. ಟೋಟಲ್‌ಗೆ ಮಾತ್ರ ಏನೂ ಬರಲಿಲ್ಲ. ಅದು ಸರಿಯಾಯಿತು ಅನ್ನಿಸುತ್ತದೆ.

ಹಳೇಮೇಕ್‌ಫೈಲ್:
ಎಕ್ಸ್‌ಟರ್ನ್ ಅಂದರೆ "ಇದು ಬೇರೆ ಕಡೆ ಇದೆ" ಅಂತ ಹೇಳಿದ ಹಾಗೆ. ಎಲ್ಲರೂ ಬೇರೆ ಕಡೆ ಇದೆ ಅಂದರೆ ಎಲ್ಲೂ ಇಲ್ಲ ಅಂತಾಯಿತಲ್ಲ. ಮೇನ್.ಸಿ ಮೇಲ್ಗಡೆ 'ಇಂಟ್ ಪೋರ್ಟ್;' 'ಚಾರ್ ಬಫರ್[64];' ಬರೆಯಿರಿ. ಹೆಡರ್‌ನಲ್ಲಿ 'ಎಕ್ಸ್‌ಟರ್ನ್ ಇಂಟ್ ಪೋರ್ಟ್ = 0;' ಅಂತ ಬೆಲೆ ಮಾತ್ರ ಕೊಡಬೇಡಿ. ಬೆಲೆ ಕೊಟ್ಟ ತಕ್ಷಣ ಎಕ್ಸ್‌ಟರ್ನ್ ಇದ್ದರೂ ಅದು ಡೆಫಿನಿಷನ್ನೇ. ಜಿಸಿಸಿ ಒಂದು ವಾರ್ನಿಂಗ್ ಕೊಡುತ್ತದೆ, ಆಮೇಲೆ ಲಿಂಕರ್ ಮತ್ತೆ ಉಗಿಯುತ್ತದೆ.

ಬೋರ್ಡ್‌ಬಿಸಿ:
ಇಷ್ಟೆಲ್ಲ ಯಾಕೆ? ಹೆಡರ್‌ನಲ್ಲಿ 'ಸ್ಟ್ಯಾಟಿಕ್ ಇಂಟ್ ಟೋಟಲ್;' ಅಂದುಬಿಟ್ಟರೆ ಎರಡೂ ಎರರ್ ಬರುವುದಿಲ್ಲ.

ಸೆಮಿಕೋಲನ್‌ಅಕ್ಕ:
ಎರರ್ ಬರುವುದಿಲ್ಲ, ಪ್ರೋಗ್ರಾಂ ಕೆಡುತ್ತದೆ. ಸ್ಟ್ಯಾಟಿಕ್ ಹಾಕಿದರೆ ಪ್ರತಿ .ಸಿ ಫೈಲಿಗೂ ಅದರದ್ದೇ ಸ್ವಂತ ಟೋಟಲ್. ಸೀರಿಯಲ್.ಸಿ ತನ್ನದನ್ನು ಏರಿಸುತ್ತಿರುತ್ತದೆ, ಮೇನ್.ಸಿ ನೋಡುವುದು ತನ್ನ ಸೊನ್ನೆಯನ್ನು. ಇದನ್ನು ಹುಡುಕುವುದು ಲಿಂಕರ್ ಎರರ್ ಸರಿ ಮಾಡುವುದಕ್ಕಿಂತ ಎಷ್ಟೋ ಕಷ್ಟ. ಹೆಡರ್‌ನಲ್ಲಿ ಸ್ಟ್ಯಾಟಿಕ್ ಒಪ್ಪುವುದು ಸಣ್ಣ ಇನ್‌ಲೈನ್ ಫಂಕ್ಷನ್‌ಗೆ ಮತ್ತು ಯಾರೂ ಬದಲಾಯಿಸದ ಕಾನ್ಸ್ಟ್ ಟೇಬಲ್‌ಗೆ.

ಅದಿರಲಿ. ತೂಕದಯಂತ್ರ ಅವರೇ, ನಿಮ್ಮ ಮೊದಲ ಪೋಸ್ಟ್ ಇನ್ನೊಮ್ಮೆ ಓದಿದೆ. ಪೋರ್ಟ್, ಬಫರ್ ಎರಡಕ್ಕೂ ಸೀರಿಯಲ್.ಓ, ಫೈಲ್.ಓ ಮಾತ್ರ ತಕರಾರು ಮಾಡಿವೆ. ಪ್ರಿಂಟ್.ಓ ಬಂದಿರುವುದು ಟೋಟಲ್‌ಗೆ ಮಾತ್ರ. ಪ್ರಿಂಟ್.ಸಿ ಗ್ಲೋಬಲ್ಸ್.ಎಚ್ ಅನ್ನು ಸೇರಿಸಿಕೊಂಡಿದ್ದರೆ ಮೂರೂ ಹೆಸರು ಬರಬೇಕಿತ್ತು. ಸೇರಿಸಿಕೊಂಡಿಲ್ಲ ಅಂದರೆ ಟೋಟಲ್ ಅಲ್ಲಿಗೆ ಎಲ್ಲಿಂದ ಬಂತು? ಈಗ ಹೆಡರ್‌ಗೆ ಬರೀ ಎಕ್ಸ್‌ಟರ್ನ್ ಹಾಕಿದಾಗಲೂ ಅದೊಂದು ಸುಮ್ನೆ ಆಯಿತು ಅಂತೀರಿ. ಸರಿಯಾಗಿಲ್ಲ ಅದು. ಯಾರೋ ಬೇರೆಯವರ ಟೋಟಲ್‌ಗೆ ಹೋಗಿ ಅಂಟಿಕೊಂಡಿದೆ.

ಒಂದು ಕೆಲಸ ಮಾಡಿ. ಹೆಡರ್ ಮೊದಲಿದ್ದ ಹಾಗೇ ಮಾಡಿ, ಮೇಕ್ ಕೊಡಿ. ಲಿಂಕ್ ಆಗದಿದ್ದರೂ .ಓ ಫೈಲ್‌ಗಳು ಇರುತ್ತವೆ. ಆಮೇಲೆ:

ಎನ್‌ಎಮ್ -ಎ -ಎಸ್ *.ಓ | ಗ್ರೆಪ್ ಟೋಟಲ್

ಎನ್‌ಎಮ್ ಅಂದರೆ .ಓ ಫೈಲಿನೊಳಗಿನ ಹೆಸರುಗಳ ಪಟ್ಟಿ ಕೊಡುವ ಟೂಲ್. ಎ, ಎಸ್ ಎರಡೂ ಕ್ಯಾಪಿಟಲ್. ಬಂದದ್ದನ್ನು ಇಲ್ಲಿ ಹಾಕಿ.

ಬೋರ್ಡ್‌ಬಿಸಿ:
ಸ್ಟ್ಯಾಟಿಕ್ ವಿಷಯ ಒಪ್ಪಿದೆ. ಅಕ್ಕ ಉತ್ತರಕ್ಕೆ ಕಾಯುವಾಗ ನಮ್ಮ ಕಡೆಯ ಒಂದು ಕಥೆ. ಆರ್ಡುಯಿನೋ ಊನೋ ಬೋರ್ಡಿನಲ್ಲಿ 'ಮಲ್ಟಿಪಲ್ ಡೆಫಿನಿಷನ್ ಆಫ್ __ವೆಕ್ಟರ್_7' ಅಂತ ಬರುತ್ತದೆ. ಹುಡುಗರು ತಮ್ಮ ಕೋಡ್‌ನಲ್ಲಿ ವೆಕ್ಟರ್_7 ಹುಡುಕುತ್ತಾ ಕೂರುತ್ತಾರೆ. ಸಿಗುವುದೇ ಇಲ್ಲ, ಯಾಕಂದರೆ ಅವರು ಬರೆದೇ ಇಲ್ಲ. ಅದು ಎಟಿಮೆಗಾ328ಪಿ ಚಿಪ್‌ನ ಟೈಮರ್ 2ರ ಇಂಟರಪ್ಟ್. ಬಜರ್ ಊದಲು ಬಳಸುವ ಟೋನ್ ಫಂಕ್ಷನ್‌ಗೂ ಅದೇ ಬೇಕು, ರಿಮೋಟ್ ಓದುವ ಐಆರ್‌ರಿಮೋಟ್ ಲೈಬ್ರರಿಯ ಹಳೇ ವರ್ಷನ್‌ಗೂ ಅದೇ ಬೇಕು. ಇಬ್ಬರೂ ಒಂದೇ ಇಂಟರಪ್ಟ್‌ಗೆ ಹ್ಯಾಂಡ್ಲರ್ ಬರೆದಿದ್ದಾರೆ. ಇಲ್ಲಿ ಎಕ್ಸ್‌ಟರ್ನ್ ಗಿಕ್ಸ್‌ಟರ್ನ್ ನಡೆಯುವುದಿಲ್ಲ. ಇರುವುದು ಒಂದು ಟೈಮರ್, ಜಗಳ ಹಾರ್ಡ್‌ವೇರ್‌ನದ್ದು. ಒಬ್ಬರನ್ನು ಬೇರೆ ಟೈಮರ್‌ಗೆ ಕಳಿಸಬೇಕು.

ಐದನೇಸೆಮ್:
ಸರ್ ಎಸ್‌ಟಿಎಮ್32 ಚಿಪ್‌ನಲ್ಲಿ ನಾವು ಹ್ಯಾಂಡ್ಲರ್ ಬರೆದರೆ ಎರರ್ ಬರುವುದಿಲ್ಲವಲ್ಲ? ಸ್ಟಾರ್ಟಪ್ ಫೈಲಿನಲ್ಲೂ ಅದೇ ಹೆಸರು ಇರುತ್ತದೆ.

ಬೋರ್ಡ್‌ಬಿಸಿ:
ಒಳ್ಳೇ ಪ್ರಶ್ನೆ. ಅಲ್ಲಿರುವುದು 'ವೀಕ್' ಅಂತ ಗುರುತು ಹಾಕಿದ ಹೆಸರು. ವೀಕ್ ಒಂದು, ಗಟ್ಟಿ ಒಂದು ಇದ್ದರೆ ಲಿಂಕರ್ ತಕರಾರಿಲ್ಲದೆ ಗಟ್ಟಿಯದನ್ನು ತೆಗೆದುಕೊಳ್ಳುತ್ತದೆ. ಎರಡು ಗಟ್ಟಿ ಇದ್ದರೆ ಮಾತ್ರ ಎರರ್. ಫ್ರೀಆರ್‌ಟಿಓಎಸ್ (ಸಣ್ಣ ಚಿಪ್‌ಗಳ ಆಪರೇಟಿಂಗ್ ಸಿಸ್ಟಂ) ಸೇರಿಸಿದಾಗ 'ಸಿಸ್‌ಟಿಕ್_ಹ್ಯಾಂಡ್ಲರ್' ಎರಡು ಕಡೆ ಇದೆ ಅಂತ ಬರುತ್ತದಲ್ಲ, ಅದು ಹೀಗೇ. ಎಸ್‌ಟಿಎಮ್32ಗೆ ಕೋಡ್ ಬರೆದುಕೊಡುವ ಕ್ಯೂಬ್ ಅನ್ನುವ ಟೂಲ್ ತಾನು ಬರೆದ ಫೈಲಿನಲ್ಲಿ ಒಂದು ಗಟ್ಟಿ ಹ್ಯಾಂಡ್ಲರ್, ಫ್ರೀಆರ್‌ಟಿಓಎಸ್ ಪೋರ್ಟ್ ಕಡೆಯಿಂದ ಇನ್ನೊಂದು.

ಸಿಪ್ಲಸ್‌ಪ್ಲಸ್ಸಿಗ:
ಸಿ++ನಿಂದ ಸಿಗೆ ಬರುವವರು ಮುಗ್ಗರಿಸುವ ಜಾಗ ಇನ್ನೊಂದಿದೆ. ಹೆಡರ್‌ನಲ್ಲಿ 'ಕಾನ್ಸ್ಟ್ ಇಂಟ್ ಮ್ಯಾಕ್ಸ್ = 100;' ಬರೆದರೆ ಸಿ++ನಲ್ಲಿ ಏನೂ ಆಗುವುದಿಲ್ಲ. ಅಲ್ಲಿ ಕಾನ್ಸ್ಟ್ ಗ್ಲೋಬಲ್ ತಾನಾಗಿಯೇ ಫೈಲಿಗೆ ಸೀಮಿತ. ಸಿನಲ್ಲಿ ಕಾನ್ಸ್ಟ್ ಹಾಕಿದರೂ ಹೆಸರು ಹೊರಗೆ ಕಾಣುತ್ತದೆ. ಎರಡು .ಸಿ ಸೇರಿಸಿದರೆ ಮಲ್ಟಿಪಲ್ ಡೆಫಿನಿಷನ್. ಬೆಲೆ ಕೊಟ್ಟಿರುವುದರಿಂದ ಇದಕ್ಕೆ -ಎಫ್‌ಕಾಮನ್ ಕೂಡ ಕೆಲಸಕ್ಕೆ ಬರುವುದಿಲ್ಲ. ಸಿನಲ್ಲಿ ಇಂಥದ್ದಕ್ಕೆ ಇನಮ್ ಬಳಸಿ, ಇಲ್ಲವೇ ಡಿಫೈನ್.

ಕುಡ್ಲದಕೋಡರ್:
ಇಷ್ಟು ಹೊತ್ತಿಗೆ ಯಾರೂ ಹೇಳಲಿಲ್ಲ ಅಂತ ನಾನೇ ಹೇಳುತ್ತೇನೆ. ಲಿಂಕರ್‌ಗೆ --ಅಲೌ-ಮಲ್ಟಿಪಲ್-ಡೆಫಿನಿಷನ್ ಅಂತ ಒಂದು ಆಪ್ಷನ್ ಉಂಟು. ಎಲ್ಲ ಎರರ್ ಮಾಯ.

ಹಳೇಮೇಕ್‌ಫೈಲ್:
ಮಾರಾಯರೇ, ಅದು -ಎಫ್‌ಕಾಮನ್‌ಗಿಂತ ಕೆಟ್ಟದ್ದು. ಮೊದಲು ಸಿಕ್ಕ ಡೆಫಿನಿಷನ್ ಇಟ್ಟುಕೊಂಡು ಉಳಿದದ್ದನ್ನು ಕಡೆಗಣಿಸುತ್ತದೆ. ಫೈಲ್‌ಗಳ ಕ್ರಮ ಬದಲಾದರೆ ಪ್ರೋಗ್ರಾಂ ನಡೆಯುವ ರೀತಿಯೇ ಬದಲಾಗುತ್ತದೆ.

ಕುಡ್ಲದಕೋಡರ್:
ಬಳಸಿ ಅಂತ ಎಲ್ಲಿ ಹೇಳಿದೆ? ಉಂಟು ಅಂದೆ ಅಷ್ಟೇ.

ತೂಕದಯಂತ್ರ:
ಅಕ್ಕ, ಎನ್‌ಎಮ್ ಹೀಗೆ ಕೊಟ್ಟಿತು:

ಫೈಲ್.ಓ:0000000000000000 0000000000000004 ಬಿ ಟೋಟಲ್
ಮೇನ್.ಓ:0000000000000000 0000000000000004 ಬಿ ಟೋಟಲ್
ಪ್ರಿಂಟ್.ಓ:0000000000000000 0000000000000008 ಬಿ ಟೋಟಲ್
ಸೀರಿಯಲ್.ಓ:0000000000000000 0000000000000004 ಬಿ ಟೋಟಲ್

ಪ್ರಿಂಟ್.ಸಿ ತೆರೆದು ನೋಡಿದೆ. ನೀವು ಹೇಳಿದ್ದು ಸರಿ, ಅದು ಗ್ಲೋಬಲ್ಸ್.ಎಚ್ ಸೇರಿಸಿಯೇ ಇಲ್ಲ. ಮೇಲ್ಗಡೆ 'ಡಬಲ್ ಟೋಟಲ್;' ಅಂತ ಬೇರೆಯೇ ಇದೆ. ಒಬ್ಬ ರೈತನ ಬೆಳಿಗ್ಗೆ-ಸಂಜೆಯ ಲೀಟರ್ ಕೂಡಿಸಿ ಸ್ಲಿಪ್‌ನಲ್ಲಿ ಹಾಕಲು. ಗ್ಲೋಬಲ್ಸ್.ಎಚ್‌ನಲ್ಲಿರುವ ಟೋಟಲ್ ಆ ದಿನ ಹಾಲು ಹಾಕಿದವರ ಎಣಿಕೆ. ಎರಡಕ್ಕೂ ಸಂಬಂಧವೇ ಇಲ್ಲ.

ಸೆಮಿಕೋಲನ್‌ಅಕ್ಕ:
ಅದೇ ಅನುಮಾನ ಇತ್ತು. ಫೈಲ್ ಹೆಸರು, ವಿಳಾಸ ಆದ ಮೇಲಿನ ಕಾಲಂ ನೋಡಿ, ಅದು ಸೈಜ್. ಮೂರು ಕಡೆ 4 ಬೈಟ್, ಒಂದು ಕಡೆ 8. 'ಬಿ' ಅಂದರೆ ಬಿಎಸ್‌ಎಸ್‌ನಲ್ಲಿ (ಬೆಲೆ ಕೊಡದ ಗ್ಲೋಬಲ್‌ಗಳ ಮೆಮೊರಿ ಭಾಗ) ಜಾಗ ಪಡೆದ ಪೂರ್ತಿ ಡೆಫಿನಿಷನ್. ಜಿಸಿಸಿ 9ರಲ್ಲಿ ಇದೇ ಕಮಾಂಡ್ ಕೊಟ್ಟಿದ್ದರೆ 'ಬಿ' ಬದಲು 'ಸಿ' ಬರುತ್ತಿತ್ತು, ಕಾಮನ್ ಅಂತ. ಆಗ ಹಳೇ ಲಿಂಕರ್ ಏನು ಮಾಡಿರುತ್ತದೆ? ನಾಲ್ಕನ್ನೂ ಒಂದು ಮಾಡಿ, ದೊಡ್ಡ ಸೈಜ್ ಹಿಡಿದು, 8 ಬೈಟ್ ಜಾಗ ಕೊಟ್ಟಿರುತ್ತದೆ. ಒಂದೇ ಜಾಗದಲ್ಲಿ ಇಂಟ್ ಕೂಡ, ಡಬಲ್ ಕೂಡ.

ಹಳೇ ಬಿಲ್ಡಿನಲ್ಲಿ ಎಣಿಕೆ ಯಾವತ್ತಾದರೂ ತಪ್ಪು ತೋರಿಸಿದ್ದುಂಟಾ?

ತೂಕದಯಂತ್ರ:
ಉಂಟು!! ಡೇರಿಗಳಿಂದ ಫೋನ್ ಬರುತ್ತಲೇ ಇರುತ್ತದೆ. ಸ್ಲಿಪ್ ಪ್ರಿಂಟ್ ಮಾಡಿದ ಮೇಲೆ ಕೆಲವು ಸಲ ಎಣಿಕೆ ಸೊನ್ನೆಗೆ ಹೋಗುತ್ತದೆ. ಕೆಲವು ಸಲ ಕೋಟಿಗಟ್ಟಲೆ ತೋರಿಸುತ್ತದೆ. ಒಬ್ಬರು ಸ್ಕ್ರೀನಿನ ಫೋಟೋ ಕಳಿಸಿದ್ದರು, ಅದರಲ್ಲಿ 1717986918 ಅಂತ ಇತ್ತು. ಕೇಬಲ್ ಸಡಿಲ, ಕರೆಂಟ್ ಏರುಪೇರು ಅಂತ ಹೇಳಿ ಯುಪಿಎಸ್ ಹಾಕಿಸಿದ್ದೂ ಇದೆ. ಲೀಟರ್ ಮಾತ್ರ ಯಾವತ್ತೂ ತಪ್ಪಿಲ್ಲ, ಅದಕ್ಕೇ ಯಾರೂ ದುಡ್ಡಿನ ವಿಷಯಕ್ಕೆ ಜಗಳ ತೆಗೆದಿಲ್ಲ.

ಸೆಮಿಕೋಲನ್‌ಅಕ್ಕ:
1717986918! ಇದನ್ನು ಹೆಕ್ಸಾಗೆ ತಿರುಗಿಸಿ ನೋಡಿ. 66666666.

ಆ ಫೋಟೋ ತೆಗೆದಾಗ ಕೊನೆಗೆ ಪ್ರಿಂಟ್ ಆದ ಸ್ಲಿಪ್‌ನಲ್ಲಿ 4.1 ಲೀಟರ್ ಥರದ ಸಂಖ್ಯೆ ಇದ್ದಿರಬೇಕು. 8.2, 16.4 ಅಥವಾ ಇದೇ ಥರದ ಇನ್ನು ಕೆಲವು ಸಂಖ್ಯೆಗಳೂ ಆಗಬಹುದು. 4.1 ಅನ್ನು ಡಬಲ್ ಆಗಿ ಇಟ್ಟರೆ ಎಂಟು ಬೈಟ್ ಹೀಗಿರುತ್ತವೆ: 40106666 66666666. ಬೈನರಿಯಲ್ಲಿ 4.1 ಸರಿಯಾಗಿ ಕೂರುವುದಿಲ್ಲ, ಅದಕ್ಕೇ ಆರು ಆರು ಅಂತ ಮುಗಿಯದ ಬಾಲ. ಎರಡರಿಂದ ಗುಣಿಸಿದರೆ ಬದಲಾಗುವುದು ಮುಂದಿನ ಭಾಗ ಮಾತ್ರ, ಬಾಲ ಅದೇ. ನಿಮ್ಮ ಕಂಪ್ಯೂಟರ್ ಕೆಳಗಿನ ಬೈಟ್‌ಗಳನ್ನು ಮೊದಲು ಇಡುವ ಜಾತಿ. ಹಾಗಾಗಿ ಇಂಟ್ ಅಂತ ಅದೇ ವಿಳಾಸದಿಂದ ನಾಲ್ಕು ಬೈಟ್ ಓದಿದರೆ ಸಿಗುವುದು ಆ ಬಾಲ, 66666666. ಅದೇ 1717986918.

ಸೊನ್ನೆ ಯಾವಾಗ? ಲೀಟರ್ 4.5, 6.0, 12.5 ಥರ ಇದ್ದಾಗ. ಅವು ಬೈನರಿಯಲ್ಲಿ ಸರಿಯಾಗಿ ಕೂರುತ್ತವೆ, ಬಾಲ ಪೂರ್ತಿ ಸೊನ್ನೆ.

ಲೀಟರ್ ಯಾಕೆ ಕೆಡಲಿಲ್ಲ ಅನ್ನುವುದು ಇನ್ನೂ ಮಜಾ. ಎಣಿಕೆ ಬರೆದಾಗ ಡಬಲ್‌ನ ಕೆಳಗಿನ ನಾಲ್ಕು ಬೈಟ್ ಮಾತ್ರ ಬದಲಾಗುತ್ತದೆ. 4.1ರಂಥ ಸಂಖ್ಯೆಯಲ್ಲಿ ಅದರಿಂದ ಆಗುವ ವ್ಯತ್ಯಾಸ ಐದು-ಆರನೇ ದಶಾಂಶ ಸ್ಥಾನದಲ್ಲಿ. ಸ್ಲಿಪ್‌ನಲ್ಲಿ ಒಂದೋ ಎರಡೋ ದಶಾಂಶ ಪ್ರಿಂಟ್ ಮಾಡುತ್ತೀರಿ. ಯಾರಿಗೂ ಕಾಣುವುದಿಲ್ಲ.

ಕುಡ್ಲದಕೋಡರ್:
ಅಕ್ಕಾ... ಒಂದು ನಂಬರ್ ನೋಡಿ ಹಾಲಿನ ಲೀಟರ್ ಹೇಳಿದಿರಲ್ಲ. ಅಡ್ಡಬಿದ್ದೆ.

ಹಳೇಮೇಕ್‌ಫೈಲ್:
ಧಾರವಾಡಪೇಡೆ ಅವರೇ, ಇನ್ನೂ -ಎಫ್‌ಕಾಮನ್?

ಧಾರವಾಡಪೇಡೆ:
ಇವರ ಕೋಡ್‌ನಲ್ಲಿ ಬಗ್ ಇತ್ತು ಅಂತ ಎಲ್ಲರ ಕೋಡ್‌ನಲ್ಲೂ ಇರಬೇಕಾ? ಅಷ್ಟಕ್ಕೂ ತಪ್ಪು ಗ್ಲೋಬಲ್‌ಗೆ 'ಟೋಟಲ್' ಅಂತ ಹೆಸರಿಟ್ಟವರದ್ದು.

ತೂಕದಯಂತ್ರ:
ಸ್ಲಿಪ್‌ಗಳ ಲಾಗ್ ತೆಗೆದು ನೋಡಿದೆ. ಆ ಫೋಟೋದ ಹೊತ್ತಿಗೆ ಕೊನೇ ಸ್ಲಿಪ್ 8.2 ಲೀಟರ್. ಮೈ ಜುಂ ಅಂತು.

ಈಗ ಪ್ರಿಂಟ್.ಸಿಯಲ್ಲಿ 'ಸ್ಟ್ಯಾಟಿಕ್ ಡಬಲ್ ಸ್ಲಿಪ್_ಲೀಟರ್;' ಮಾಡಿದೆ. ಹೆಡರ್‌ನಲ್ಲಿ ಮೂರಕ್ಕೂ ಎಕ್ಸ್‌ಟರ್ನ್, ಮೇನ್.ಸಿಯಲ್ಲಿ ಮೂರರ ಡೆಫಿನಿಷನ್. ಬಿಲ್ಡ್ ಆಯಿತು. ಎಣಿಕೆ ಕದಲುತ್ತಿಲ್ಲ. ಡೇರಿಗಳಲ್ಲಿ ಈಗಾಗಲೇ ಇರುವುದೆಲ್ಲ ಹಳೇ ಬೈನರಿ. ಅವನ್ನೆಲ್ಲ ಬದಲಾಯಿಸಬೇಕು ಅಂತ ಬಾಸ್‌ಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೇನೆ. ಯುಪಿಎಸ್ ದುಡ್ಡು ಅವರೇ ಕೊಟ್ಟಿದ್ದು.

ಬೋರ್ಡ್‌ಬಿಸಿ:
ಯುಪಿಎಸ್ ಹೇಗೂ ಬೇಕು ಬಿಡಿ, ಹಳ್ಳಿ ಕರೆಂಟ್ ಗೊತ್ತಲ್ಲ.

ಹಳೇಮೇಕ್‌ಫೈಲ್:
ಹೆಡರ್‌ನಲ್ಲಿರುವ ಮೂರಕ್ಕೂ ಸಾಧ್ಯವಾದಾಗ ಒಳ್ಳೇ ಹೆಸರು ಕೊಡಿ. 'ಬಫರ್', 'ಪೋರ್ಟ್' ಅಂತ ಗ್ಲೋಬಲ್ ಇಟ್ಟುಕೊಂಡರೆ ಇನ್ನೊಂದು ಲೈಬ್ರರಿ ಸೇರಿಸಿದ ದಿನ ಮತ್ತೆ ಇಲ್ಲಿಗೇ ಬರುತ್ತೀರಿ. ಮತ್ತೆ ಪ್ರಿಂಟ್.ಸಿ ಕೂಡ ಗ್ಲೋಬಲ್ಸ್.ಎಚ್ ಸೇರಿಸಿಕೊಳ್ಳಲಿ. ಸೇರಿಸಿಕೊಂಡಿದ್ದರೆ ಕಂಪೈಲರ್ ಅವತ್ತೇ 'ಕಾನ್ಫ್ಲಿಕ್ಟಿಂಗ್ ಟೈಪ್ಸ್' ಅಂತ ಹಿಡಿದುಬಿಡುತ್ತಿತ್ತು.

ಸಿಪ್ಲಸ್‌ಪ್ಲಸ್ಸಿಗ:
2020ರಲ್ಲಿ ಈ ಡೀಫಾಲ್ಟ್ ಬದಲಾದಾಗ ಲಿನಕ್ಸ್ ಕರ್ನಲ್ ಬಿಲ್ಡ್ ಮಾಡುವವರಿಗೂ ಬಿಸಿ ಮುಟ್ಟಿತ್ತು. ಹಳೇ ಕರ್ನಲ್‌ಗಳ ಜೊತೆ ಬರುವ ಡಿಟಿಸಿ ಅನ್ನುವ ಟೂಲ್‌ನಲ್ಲಿ 'ಮಲ್ಟಿಪಲ್ ಡೆಫಿನಿಷನ್ ಆಫ್ ವೈವೈಲಾಕ್'. ಲೆಕ್ಸರ್ ಫೈಲಿನಲ್ಲೂ ಆ ವೇರಿಯಬಲ್, ಪಾರ್ಸರ್‌ನಲ್ಲೂ ಅದೇ. ಲೆಕ್ಸರ್ ಫೈಲಿನ ಒಂದು ಸಾಲು ತೆಗೆದು ಸರಿ ಮಾಡಿದರು. ಹಳೇ ಬೋರ್ಡ್‌ಗಳಿಗೆ ಹಳೇ ಕರ್ನಲ್ ಕಟ್ಟುವವರಿಗೆ ಇದು ಈಗಲೂ ಎದುರಾಗುತ್ತದೆ.

ಬೋರ್ಡ್‌ಬಿಸಿ:
ಹೌದು! ಹೋಸ್ಟ್‌ಸಿಫ್ಲ್ಯಾಗ್ಸ್‌ಗೆ -ಎಫ್‌ಕಾಮನ್ ಹಾಕಿ ದಾಟಿಸುತ್ತೇವೆ. ವೆಂಡರ್ ಕೊಟ್ಟ ಕರ್ನಲ್‌ನಲ್ಲಿ ಕೈಯಾಡಿಸಲು ಯಾರಿಗೆ ಧೈರ್ಯ?

ಧಾರವಾಡಪೇಡೆ:
ಆಹಾ. ನೀವು ಹಾಕಿದರೆ ನಡೆಯುತ್ತದೆ, ನಾನು ಹಾಕಿದರೆ ಪಾಪ.

ಐದನೇಸೆಮ್:
ಅಕ್ಕ ಬೇರೆ ಬೇರೆ ಪ್ರಾಜೆಕ್ಟ್ ಮಾಡಿದೆ, ಮೇನ್ ಎರರ್ ಹೋಯಿತು. ಥ್ಯಾಂಕ್ಸ್. ಇನ್ನೊಂದು ಡೌಟು. ನೀವು ಹೆಡರ್‌ನಲ್ಲಿ ಸಣ್ಣ ಇನ್‌ಲೈನ್ ಫಂಕ್ಷನ್ ಇಡಬಹುದು ಅಂದಿರಿ. ಬರೀ 'ಇನ್‌ಲೈನ್' ಸಾಕಾ, ಸ್ಟ್ಯಾಟಿಕ್ ಬೇಕೇ ಬೇಕಾ?

ಹಳೇಮೇಕ್‌ಫೈಲ್:
ಕಣ್ಣು ಮುಚ್ಚಿಕೊಂಡು 'ಸ್ಟ್ಯಾಟಿಕ್ ಇನ್‌ಲೈನ್' ಬರೆ. ಬರೀ ಇನ್‌ಲೈನ್‌ನ ಅರ್ಥ ಜಿಸಿಸಿಯ ಹಳೇ ರೀತಿಯಲ್ಲಿ ಒಂದು, ಸಿ99ರಲ್ಲಿ ಇನ್ನೊಂದು. ಹೆಚ್ಚುಕಡಿಮೆ ಒಂದಕ್ಕೊಂದು ಉಲ್ಟಾ. 2015ರಲ್ಲಿ ಬಂದ ಜಿಸಿಸಿ 5 ಡೀಫಾಲ್ಟ್ ಆಗಿ ಹೊಸ ಅರ್ಥ ಹಿಡಿಯಿತು. ಹೆಡರ್‌ನಲ್ಲಿ 'ಎಕ್ಸ್‌ಟರ್ನ್ ಇನ್‌ಲೈನ್' ಅಂತ ಬರೆದುಕೊಂಡವರಿಗೆಲ್ಲ ಅವತ್ತು ಇದೇ ಮಲ್ಟಿಪಲ್ ಡೆಫಿನಿಷನ್ ಬಂತು. ಬರೀ ಇನ್‌ಲೈನ್ ಅಂತ ಬರೆದವರಿಗೆ ಅನ್‌ಡಿಫೈನ್ಡ್ ರೆಫರೆನ್ಸ್. ಸ್ಟ್ಯಾಟಿಕ್ ಇನ್‌ಲೈನ್ ಎರಡು ಕಾಲದಲ್ಲೂ ಒಂದೇ ಥರ.

ಧಾರವಾಡಪೇಡೆ:
ಸರಿ, ಸುಮ್ನೆ ವಾದ ಬೇಡ ಅಂತ ನಮ್ಮ ಒಂದು ಪ್ರಾಜೆಕ್ಟಿಗೆ ಲಿಂಕರ್‌ನ --ವಾರ್ನ್-ಕಾಮನ್ ಹಾಕಿ ನೋಡಿದೆ. 'ಮಲ್ಟಿಪಲ್ ಕಾಮನ್' ಅಂತ ಸಾಲು ಸಾಲು ಬಂತು. ಆದರೆ ಒಂದು ದೊಡ್ಡದು ಒಂದು ಸಣ್ಣದು ಅನ್ನುವ ವಾರ್ನಿಂಗ್ ಒಂದೂ ಇಲ್ಲ. ಎಲ್ಲ ಕಡೆ ಸೈಜ್ ಒಂದೇ. ನಮ್ಮದು ಕ್ಲೀನ್. -ಎಫ್‌ಕಾಮನ್ ಇರುತ್ತದೆ.

ಸೆಮಿಕೋಲನ್‌ಅಕ್ಕ:
ಸೈಜ್ ಒಂದೇ ಇದ್ದು ಟೈಪ್ ಬೇರೆ ಇದ್ದರೆ? ಇಂಟ್ ಕೂಡ 4 ಬೈಟ್, ಫ್ಲೋಟ್ ಕೂಡ 4 ಬೈಟ್. ವಾರ್ನ್-ಕಾಮನ್‌ಗೆ ಟೈಪ್ ಕಾಣುವುದಿಲ್ಲ.

ಧಾರವಾಡಪೇಡೆ:
ನೀವು ರಾತ್ರಿ ನಿದ್ದೆ ಮಾಡಲು ಬಿಡುವುದಿಲ್ಲ ಅಲ್ರೀ.

ಸೆಮಿಕೋಲನ್‌ಅಕ್ಕ:
ಕಂಪೈಲ್‌ಗೂ ಲಿಂಕ್‌ಗೂ -ಎಫ್‌ಎಲ್‌ಟಿಓ ಹಾಕಿ ಒಮ್ಮೆ ಬಿಲ್ಡ್ ಮಾಡಿ. ಆಗ ಲಿಂಕ್ ಹಂತದಲ್ಲೂ ಟೈಪ್ ಮಾಹಿತಿ ಇರುತ್ತದೆ, ಹೊಂದದೇ ಇದ್ದರೆ ವಾರ್ನಿಂಗ್ ಬರುತ್ತದೆ. ಏನೂ ಬರದಿದ್ದರೆ ಹಾಯಾಗಿ ಮಲಗಿ.

ಧಾರವಾಡಪೇಡೆ:
ಸೋಮವಾರ ನೋಡುತ್ತೇನೆ.